ಪುಟ್ಟ ಹಾಯಿದೋಣೀಲಿ ಸಾಮಾನು ಜೋಡಿಸೋದು ಹೇಗೆ?

ಮುಂಗಾರು ಗಾಳಿ ಬೀಸೋಕೆ ಶುರುವಾದ್ರೆ ಕೆಆರ್‌ಎಸ್ ಹಿನ್ನೀರಲ್ಲಿ ಹಾಯಿದೋಣಿ ಬಿಡೋಕೆ ಒಳ್ಳೇ ಟೈಮು. ಹೊಸಬರು ಹಾಯಿ, ಹಗ್ಗ ಎಲ್ಲಾ ಚೆನ್ನಾಗೇ ನೋಡ್ಕೋತಾರೆ, ಆದ್ರೆ ನೀರಿನ ಬಾಟ್ಲು, ಬುತ್ತಿ, ಮೊಬೈಲು, ಟವೆಲ್ಲು ಎಲ್ಲಾನೂ ಒಂದೇ ಬ್ಯಾಗಿಗೆ ತುರುಕಿ ಕಾಲ ಹತ್ರ ಹಾಕ್ಕೊಂಡು ಹೊರಟುಬಿಡ್ತಾರೆ, ದೋಣಿ ಒಂದ್ಸಲ ವಾಲಿದ್ರೆ ಸಾಕು ಆ ಬ್ಯಾಗು ಜಾರ್ಕೊಂಡು ಹೋಗಿ ಹಗ್ಗಕ್ಕೆ ಸಿಕ್ಕಾಕೊಳ್ಳುತ್ತೆ.

ಮೊದಲು ದಡದಲ್ಲೇ ಚಾಪೆ ಹಾಸಿ ಸಾಮಾನೆಲ್ಲ ಹರಡಿ. ಭಾರದ್ದು ಒಂದ್ಕಡೆ, ಒದ್ದೆ ಆಗಬಾರದ್ದು ಒಂದ್ಕಡೆ, ತಕ್ಷಣ ಕೈಗೆ ಸಿಗಬೇಕಾದ್ದು ಇನ್ನೊಂದ್ಕಡೆ. ಯಾವ ಗುಡ್ಡೆಗೂ ಸೇರದ್ದು ದಡದಲ್ಲೇ ಇರ್ಲಿ.

ಭಾರದ್ದು ಯಾವಾಗ್ಲೂ ತಳಕ್ಕೆ, ದೋಣಿ ನಡುಭಾಗಕ್ಕೆ, ಅಂದ್ರೆ ಸೆಂಟರ್‌ಬೋರ್ಡ್ (ದೋಣಿ ಪಕ್ಕಕ್ಕೆ ಜಾರದ ಹಾಗೆ ನಡುವೆ ನೀರಿಗೆ ಇಳಿಬಿಡೋ ಹಲಗೆ) ಆಸುಪಾಸು. ಲೇಸರ್ ಡಿಂಗಿ ಅನ್ನೋ ಒಬ್ಬರೇ ಓಡಿಸೋ ಪುಟ್ಟ ಹಾಯಿದೋಣಿ 4.23 ಮೀಟರ್ ಉದ್ದ, ಅದರ ಹಲ್ (ದೋಣಿ ಒಡಲು) ತೂಕ ಸುಮಾರು 59 ಕೆಜಿ ಅಷ್ಟೇ, ಅದಕ್ಕೆ 10 ಲೀಟರ್ ನೀರಿನ ಕ್ಯಾನ್ ಇಟ್ರೆ ಹಲ್ ತೂಕದ ಆರರಲ್ಲೊಂದು ಪಾಲು ಸೇರ್ತು ಅಂತ ಲೆಕ್ಕ. ಅದನ್ನ ಮೂತಿ ಕಡೆ ಇಟ್ರೆ ಮೂತಿ ನೀರಿಗೆ ಇಳಿಯುತ್ತೆ, ಹಿಂದೆ ಇಟ್ರೆ ಹಿಂಭಾಗ ನೀರನ್ನ ಎಳ್ಕೊಂಡು ಹೋಗಿ ಸ್ಪೀಡ್ ಬೀಳುತ್ತೆ. ಒಂದು ದೊಡ್ಡ ಕ್ಯಾನಿಗಿಂತ ಒಂದೊಂದ್ ಲೀಟರಿನ ಬಾಟ್ಲು ಮೇಲು, ಎರಡೂ ಪಕ್ಕಕ್ಕೆ ಸಮ ಹಂಚ್ಬೋದು.

ಮೊಬೈಲು, ಬಟ್ಟೆ, ಕಾರಿನ ಕೀ ಡ್ರೈ ಬ್ಯಾಗಿಗೆ (ಬಾಯಿ ಸುತ್ತಿ ಮುಚ್ಚೋ, ನೀರು ಹೋಗದ ಚೀಲ). ಬಾಯನ್ನ ಕಡಿಮೆ ಅಂದ್ರೂ ಮೂರು ಸುತ್ತು ಬಿಗಿಯಾಗಿ ಸುತ್ತಿ ಆಮೇಲೆ ಬಕಲ್ ಹಾಕಿ, ಒಂದು ಸುತ್ತು ಸುತ್ತಿ ಬಿಟ್ರೆ ನೀರು ಒಳಗೆ ಹೋಗೇ ಹೋಗುತ್ತೆ.

ಸಣ್ಣಪುಟ್ಟದ್ದಕ್ಕೆ ನೆಟ್ ಜೇಬು ಮನೇಲೇ ಮಾಡ್ಕೋಬೋದು. ಈರುಳ್ಳಿ ಮೂಟೆ ನೆಟ್ ಅಥ್ವಾ ಗಟ್ಟಿ ಮೆಶ್ ಬಟ್ಟೆ ತಗೊಳ್ಳಿ, ಅಂಗೈಗಿಂತ ಸ್ವಲ್ಪ ಆಳ ಬರೋ ಹಾಗೆ ಮಡಚಿ ಪಕ್ಕ ಎರಡೂ ನೈಲಾನ್ ದಾರದಲ್ಲಿ ಹೊಲೀರಿ, ಮೇಲಂಚಿಗೆ ಎಲಾಸ್ಟಿಕ್ ಹಗ್ಗ ಪೋಣಿಸಿದ್ರೆ ಬಾಯಿ ತಾನೇ ಮುಚ್ಕೊಳ್ಳುತ್ತೆ. ನೀರು ನಿಲ್ಲಲ್ಲ, ಒಳಗೇನಿದೆ ಅಂತ ಕಾಣುತ್ತೆ, ನನಗಂತೂ ಪ್ಲಾಸ್ಟಿಕ್ ಡಬ್ಬಿಗಿಂತ ಇದೇ ಇಷ್ಟ. ಆದ್ರೆ ಇದನ್ನ ಕೂರಿಸೋಕೆ ಅಂತ ಹಲ್‌ಗೆ ತೂತು ಹೊಡೀಬೇಡಿ! ದೋಣಿ ಮಗುಚಿದಾಗ ತೇಲಿಸೋದೇ ಒಳಗಿನ ಗಾಳಿ. ಆಗ್ಲೇ ಇರೋ ಕೊಂಡಿಗಳಿಗೇ ಕಟ್ಟಿ. ಹ್ಯಾಚ್ (ಹಲ್ ಒಳಗೆ ಕೈ ಹಾಕೋಕೆ ಇರೋ ಮುಚ್ಚಳದ ಕಿಂಡಿ) ಒಳಗೆ ಏನಾದ್ರೂ ಇಟ್ರೂ ಮುಚ್ಚಳ ಪೂರ್ತಿ ತಿರುಗಿಸಿ ಬಿಗಿ ಮಾಡಿ.

ಚಾಕು, ಸೀಟಿ, ನೀರು ಎತ್ತಿ ಹಾಕೋ ಮಗ್ಗು ಕೂತಲ್ಲಿಂದಲೇ ಸಿಗಬೇಕು. ಮಗ್ಗಿಗೆ ದಾರ ಕಟ್ಟಿ, ಇಲ್ದಿದ್ರೆ ಬೇಕಾದಾಗ ಅದೇ ತೇಲ್ಕೊಂಡು ದೂರ ಹೋಗಿರುತ್ತೆ. ಲೈಫ್ ಜಾಕೆಟ್ ಮಾತ್ರ ಯಾವ ಮೂಲೇಲೂ ಇಡೋ ಸಾಮಾನಲ್ಲ, ದಡ ಬಿಡೋಕೆ ಮುಂಚೇನೇ ಮೈಮೇಲಿರ್ಬೇಕು.

ಕೊನೇಗೆ ಮೊಣಕಾಲುದ್ದ ನೀರಲ್ಲಿ ನಿಂತು ದೋಣೀನ ಎರಡೂ ಪಕ್ಕಕ್ಕೆ ಚೆನ್ನಾಗಿ ವಾಲಿಸಿ ನೋಡಿ. ಏನು ಜಾರ್ತೋ ಅದನ್ನ ಮತ್ತೆ ಕಟ್ಟಿ, ಆಮೇಲೆ ಹಾಯಿ ಏರಿಸಿ.