ಬಿಲ್ಡ್ ಮುಗಿಯೋವರೆಗೆ ಸುಮ್ನೆ ಕಾಯ್ತಾ ಕೂರಬೇಡಿ

ರಸ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಡ್ ಬರೆಯುವ ಗೆಳೆಯರಿಗೆ ಒಂದು ಸಲಹೆ. ಒಂದು ಸಾಲು ಬದಲಿಸಿ, ಬಿಲ್ಡ್ ಮುಗಿಯಲಿ (ಕೋಡ್ ಓಡಿಸಬಹುದಾದ ಪ್ರೋಗ್ರಾಮ್ ಆಗಲಿ) ಅಂತ ಎರಡು ನಿಮಿಷ ಕಾಯುವಾಗ ಹೋಗುವುದು ಬರೀ ಎರಡು ನಿಮಿಷ ಅಲ್ಲ. ಕೈ ಮೊಬೈಲಿಗೆ ಹೋಗುತ್ತದೆ, ವಾಪಸ್ ಬರುವಷ್ಟರಲ್ಲಿ ಏನು ಯೋಚಿಸುತ್ತಿದ್ದೆವು ಅನ್ನೋದೇ ಮರೆತಿರುತ್ತದೆ. ನನಗೆ ಜಾಸ್ತಿ ಬೇಜಾರಾಗುವುದು ಇನ್ನೊಂದಕ್ಕೆ: ಕಾಯುವ ಬೇಸರಕ್ಕೆ ಸಣ್ಣಪುಟ್ಟ ಪ್ರಯೋಗ ಮಾಡುವುದನ್ನೇ ಬಿಟ್ಟುಬಿಡುತ್ತೇವೆ.

ಕೋಡ್ ಸರಿ ಇದೆಯಾ ಅಂತ ನೋಡಲು ಪ್ರತಿ ಸಲ ರಸ್ಟಿನ ಬಿಲ್ಡ್ ಸಾಧನವಾದ ಕಾರ್ಗೋದ ‘ಕಾರ್ಗೋ ಬಿಲ್ಡ್’ ಕಮಾಂಡ್ ಬೇಡ, ‘ಕಾರ್ಗೋ ಚೆಕ್’ ಸಾಕು. ಅದು ಟೈಪ್, ಬಾರೋ ನಿಯಮ (ಡೇಟಾವನ್ನು ಕೋಡಿನ ಯಾವ ಭಾಗ ಯಾವಾಗ ಎರವಲು ಪಡೆಯಬಹುದು ಅನ್ನೋ ನಿಯಮ) ಎಲ್ಲ ನೋಡುತ್ತದೆ. ನಿಮ್ಮ ಕೋಡನ್ನು ಮೆಷಿನ್ ಕೋಡ್ ಮಾಡುವ, ತುಂಡುಗಳನ್ನೆಲ್ಲ ಜೋಡಿಸಿ ಲಿಂಕ್ ಮಾಡುವ ಕೆಲಸಕ್ಕೆ ಹೋಗುವುದಿಲ್ಲ.

ಟರ್ಮಿನಲ್‌ನಲ್ಲಿ ‘ಬ್ಲಾಕಿಂಗ್ ವೇಟಿಂಗ್ ಫಾರ್ ಫೈಲ್ ಲಾಕ್’ ಅಂತ ಬಂದು ನಿಂತದ್ದು ನೋಡಿದ್ದೀರಿ ಅಲ್ವಾ? ಬಹಳ ಸಲ ಅದಕ್ಕೆ ಕಾರಣ, ಎಡಿಟರಿನಲ್ಲಿ ಕೋಡಿನ ತಪ್ಪು ತೋರಿಸುವ ರಸ್ಟ್ ಅನಲೈಸರ್ ಕೂಡ, ಬಿಲ್ಡ್ ಆದದ್ದನ್ನು ಇಡುವ ಅದೇ ಟಾರ್ಗೆಟ್ ಫೋಲ್ಡರನ್ನು ಹಿಡಿದು ಕೂತಿರುವುದು. ಅನಲೈಸರಿನ ಸೆಟ್ಟಿಂಗ್ಸ್‌ನಲ್ಲಿ ಕಾರ್ಗೋ ಟಾರ್ಗೆಟ್ ಡಿರ್ ಅನ್ನು ಟ್ರೂ ಮಾಡಿ. ಅದಕ್ಕೆ ಬೇರೆ ಫೋಲ್ಡರ್ ಸಿಗುತ್ತದೆ. ಡಿಸ್ಕ್ ಜಾಗ ಜಾಸ್ತಿ ಹೋಗುತ್ತದೆ, ಹೋಗಲಿ. ನನಗೆ ಎಲ್ಲಕ್ಕಿಂತ ಹೆಚ್ಚು ನೆಮ್ಮದಿ ಕೊಟ್ಟ ಬದಲಾವಣೆ ಇದು.

ಆಮೇಲೂ ನಿಧಾನ ಅನ್ನಿಸಿದರೆ ಊಹೆ ಮಾಡಬೇಡಿ, ಅಳೆದು ನೋಡಿ. ಕಾರ್ಗೋ ಬಿಲ್ಡ್ ಜೊತೆ ಟೈಮಿಂಗ್ಸ್ ಆಯ್ಕೆ ಕೊಡಿ; 2022ರಲ್ಲಿ ಬಂದ ರಸ್ಟ್ 1.60 ಆವೃತ್ತಿಯಿಂದ ಇದು ಎಲ್ಲರಿಗೂ ಸಿಗುತ್ತದೆ. ಯಾವ ಕ್ರೇಟ್ (ರಸ್ಟ್ ಕೋಡಿನ ಪ್ಯಾಕೇಜ್) ಎಷ್ಟು ಹೊತ್ತು ತಿಂದಿತು ಅಂತ ಬ್ರೌಸರಿನಲ್ಲಿ ಬಾರ್ ಚಾರ್ಟಿನಂತೆ ಉದ್ದುದ್ದ ಪಟ್ಟಿಗಳಾಗಿ ಕಾಣುತ್ತದೆ. ನಮ್ಮ ಪ್ರಾಜೆಕ್ಟಿನಲ್ಲಿ ಎಲ್ಲಕ್ಕಿಂತ ಉದ್ದದ ಪಟ್ಟಿ, ಈಗ ಯಾರೂ ಬಳಸದ ಒಂದು ಹಳೇ ಕ್ರೇಟಿನದ್ದು. ಅವತ್ತೇ ತೆಗೆದು ಹಾಕಿದೆವು.