ಜಾತ್ರೆಯಿಲ್ಲದ ದಿನಗಳಲ್ಲಿ ಪಾದಯಾತ್ರೆ: ಹಾದಿ ಆರಿಸಿಕೊಳ್ಳುವುದು ಹೇಗೆ?

ಪುಷ್ಯದ ಬನದ ಹುಣ್ಣಿಮೆಯಿಂದ ಮಾಘದ ಭರತ ಹುಣ್ಣಿಮೆಯವರೆಗಿನ ಒಂದು ತಿಂಗಳಲ್ಲಿ ಧಾರವಾಡದಿಂದ ಅಮ್ಮಿನಬಾವಿಯ ದಾರಿ ಹಿಡಿದು ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವವರು ಹಾದಿಯ ಬಗ್ಗೆ ಹೆಚ್ಚು ಯೋಚಿಸಬೇಕಾಗಿಲ್ಲ. ಮುಂದಿನವರ ಬೆನ್ನು ನೋಡಿಕೊಂಡು ನಡೆದರೆ ಸಾಕು. ಊರ ಮುಂದೆ ಯಾರಾದರೂ ನೀರು, ಮಜ್ಜಿಗೆ ಹಿಡಿದು ನಿಂತಿರುತ್ತಾರೆ, ಬುತ್ತಿಯ ಗಂಟನ್ನು ಚಕ್ಕಡಿಯೋ ಟ್ರ್ಯಾಕ್ಟರೋ ಹೊರುತ್ತದೆ, ರಾತ್ರಿ ಎಲ್ಲಿ ಕಾಲು ಸೋತರೂ ಅಲ್ಲೊಂದು ಪೆಂಡಾಲು ಇರುತ್ತದೆ. ಅದೇ ರಸ್ತೆಗೆ ಆಷಾಢದಲ್ಲಿ ಇಳಿದರೆ ಇವು ಯಾವುವೂ ಇರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಇದನ್ನು ನಾವು ಮೂವರು ಗೆಳೆಯರು ನಡೆದೇ ಕಲಿತೆವು. ಸಂಜೆ ಮಳೆಯಲ್ಲಿ ಒಂದು ಹಳ್ಳಿ ಮುಟ್ಟಿದಾಗ ನಾವು ನಂಬಿಕೊಂಡಿದ್ದ ಸಮುದಾಯ ಭವನಕ್ಕೆ ಕೀಲಿ ಬಿದ್ದಿತ್ತು, ಕೀಲಿ ಇಟ್ಟುಕೊಂಡವರು ಬೀಗರ ಊರಿಗೆ ಹೋಗಿದ್ದರು, ಗುಡಿಯ ಕಟ್ಟೆಯ ತುಂಬ ಮಳೆಯ ಎರಚಲು ಹೊಡೆಯುತ್ತಿತ್ತು. ಎದುರು ಮನೆಯ ಅಜ್ಜಿ ಬಾಗಿಲಿಗೆ ಬಂದು, "ಹುಣ್ಣಿವಿ ಇನ್ನಾ ಎಷ್ಟ್ ದೂರ ಐತಿ, ಈಗ್ಯಾಕ ಹೊಂಟೀರಿ ತಮ್ಮಾ?" ಎಂದು ಕೇಳಿ, ಪಡಸಾಲೆಯಲ್ಲಿ ಚಾಪೆ ಹಾಸಿಕೊಟ್ಟರು. ತಪ್ಪು ನಮ್ಮದೇ ಆಗಿತ್ತು. ಎಷ್ಟು ಕಿಲೋಮೀಟರು ಎಂದು ಲೆಕ್ಕ ಹಾಕಿದ್ದೆವೇ ಹೊರತು ರಾತ್ರಿ ತಂಗುವ ವಸ್ತಿ ಎಲ್ಲಿ ಎಂದು ಕೇಳಿಕೊಂಡಿರಲಿಲ್ಲ. ಜಾತ್ರೆಯ ಕಾಲದಲ್ಲಿ ದೇವರನ್ನು ನೆನೆದು ಹೊರಟರೆ ಹಾದಿ ತಾನಾಗಿ ಒದಗುತ್ತದೆ. ಉಳಿದ ದಿನಗಳಲ್ಲಿ ಮೊದಲು ವಸ್ತಿಗಳನ್ನು ಗೊತ್ತುಮಾಡಿಕೊಂಡು, ಆ ವಸ್ತಿಗಳನ್ನು ಜೋಡಿಸುವ ಹಾದಿಯನ್ನೇ ಆರಿಸಿಕೊಳ್ಳಬೇಕು.

ಯಾವಾಗ ಹೊರಡುವುದು?

ನಮ್ಮ ಭಾಗದಲ್ಲಿ ಜಾತ್ರೆಗಳ ಸಾಲು ಕಾರ್ತಿಕದಿಂದ ಯುಗಾದಿಯವರೆಗೆ ದಟ್ಟವಾಗಿರುತ್ತದೆ. ಉಳಿದ ತಿಂಗಳುಗಳೆಲ್ಲ ಒಂದೇ ಬಗೆಯವಲ್ಲ. ಯುಗಾದಿ ಕಳೆದ ಮೇಲಿನ ಬಿಸಿಲಿನಲ್ಲಿ ನವಲಗುಂದ, ನರಗುಂದ, ರೋಣದ ಕಡೆಯ ಕಪ್ಪು ಎರೆಮಣ್ಣಿನ ಬಯಲಿನಲ್ಲಿ ನಡೆಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಅಲ್ಲಿ ಮೈಲಿಗಟ್ಟಲೆ ನೆರಳಿರುವುದಿಲ್ಲ, ಸಂಜೆಯ ಅಡ್ಡಮಳೆಯ ಜೊತೆಗೆ ಸಿಡಿಲೂ ಬರುತ್ತದೆ, ಬಯಲಿನಲ್ಲಿ ಒಂಟಿಯಾಗಿ ನಿಂತ ಮರದ ಕೆಳಗೆ ಹೋಗುವುದು ಆಗ ಎಲ್ಲಕ್ಕಿಂತ ಅಪಾಯದ ಕೆಲಸ. ಮೃಗಶಿರಾದಿಂದ ಉತ್ತರೆಯವರೆಗಿನ ಮಳೆಗಳಲ್ಲಿ ನಡೆಯಬಹುದು, ಆದರೆ ಹಾದಿಯನ್ನು ಬಹಳ ನೋಡಿ ಆರಿಸಬೇಕು. ಸ್ವಾತಿ ಮಳೆ ಹಿಂದಾದ ಮೇಲೆ, ಅಂದರೆ ನವೆಂಬರ್ ನಡುವಿನಿಂದ ಬನದ ಹುಣ್ಣಿಮೆಯ ಜನ ಹೊರಡುವವರೆಗೆ ಸಿಗುವ ವಾರಗಳೇ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯ ಕಾಲ. ಕಾರ್ತಿಕೋತ್ಸವಗಳು ಅಲ್ಲಲ್ಲಿ ನಡೆಯುತ್ತಿದ್ದರೂ ದೊಡ್ಡ ಹಾದಿಗಳು ಖಾಲಿ ಇರುತ್ತವೆ, ಹಳ್ಳಗಳು ಇಳಿದಿರುತ್ತವೆ, ಬಿಳಿಜೋಳದ ಪೈರು ಮೇಲೆದ್ದಿರುತ್ತದೆ. ಕಬ್ಬು ಕಡಿಯುವ ಹಂಗಾಮು ಅದೇ ಆದ್ದರಿಂದ ಹಳಿಯಾಳ, ಸವದತ್ತಿಯ ಕಡೆ ತುಂಬಿದ ಟ್ರ್ಯಾಕ್ಟರುಗಳಿಗೆ ದಾರಿ ಬಿಟ್ಟು, ಎದುರಿಗೆ ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ನಡೆಯಬೇಕು.

ವಾರವನ್ನೂ ನೋಡಿಕೊಳ್ಳಿ. ಯಲ್ಲಮ್ಮನ ಗುಡ್ಡದಲ್ಲಿ ಮಂಗಳವಾರ ಮತ್ತು ಶುಕ್ರವಾರ ವರ್ಷವಿಡೀ ಜನ ಹೆಚ್ಚು.

ವಸ್ತಿ ಗೊತ್ತುಮಾಡುವುದು

ಹೆಗಲಿಗೆ ಚೀಲ ಹಾಕಿಕೊಂಡು ನಡೆಯುವವರು ಗಂಟೆಗೆ ನಾಲ್ಕು ಕಿಲೋಮೀಟರು ಎಂದು ಹಿಡಿಯಬೇಕು. ನಸುಕಿನ ಐದೂವರೆಯಿಂದ ಹತ್ತೂವರೆಯವರೆಗೆ, ಮತ್ತೆ ನಾಲ್ಕರಿಂದ ಕತ್ತಲಾಗುವವರೆಗೆ ನಡೆದರೆ, ನಡುನಡುವೆ ಕೂತು ಎದ್ದರೂ ಇಪ್ಪತ್ತು ಕಿಲೋಮೀಟರು ಆರಾಮಾಗಿ ಸಾಗುತ್ತದೆ. ಮೊದಲ ಸಲ ನಡೆಯುವವರು ಹದಿನೈದಕ್ಕೆ ನಿಲ್ಲಿಸುವುದು ಲೇಸು. ಧಾರವಾಡದಿಂದ ಸವದತ್ತಿ ಸುಮಾರು 40 ಕಿಲೋಮೀಟರು. ಜಾತ್ರೆಯಲ್ಲಿ ಇದನ್ನು ಒಂದೇ ರಾತ್ರಿಯಲ್ಲಿ ನಡೆದು ಮುಗಿಸುವವರಿದ್ದಾರೆ, ಆದರೆ ಬೇರೆ ದಿನಗಳಲ್ಲಿ ರಾತ್ರಿ ನಡೆಯಲೇಬಾರದು, ಎರಡು ದಿನಕ್ಕೆ ಹಂಚಬೇಕು. ಹೀಗೆ ದಿನದ ದೂರ ಗೊತ್ತಾದ ಮೇಲೆ ಅದರ ಆಸುಪಾಸಿನಲ್ಲಿ ಯಾವ ಊರು ಬರುತ್ತದೆ ಎಂದು ಹುಡುಕಬೇಕು.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಗುರುತು ಇದೆ: ವಸ್ತಿ ಬಸ್ಸು. ಸಂಜೆ ಪಟ್ಟಣದಿಂದ ಹೊರಟು, ರಾತ್ರಿ ಹಳ್ಳಿಯಲ್ಲೇ ನಿಂತು, ನಸುಕಿನಲ್ಲಿ ಶಾಲೆ ಕಾಲೇಜಿನ ಹುಡುಗರನ್ನೂ ಹಾಲಿನ ಕ್ಯಾನುಗಳನ್ನೂ ಹೇರಿಕೊಂಡು ಮರಳುವ ಈ ಬಸ್ಸು ನಿಲ್ಲುವ ಊರಿನಲ್ಲಿ ಚಾಲಕ, ನಿರ್ವಾಹಕರು ಮಲಗುವುದಕ್ಕೆ ಒಂದು ಜಾಗವಿರುತ್ತದೆ, ಬೆಳಗಿನ ಜಾವಕ್ಕೇ ಚಹಾ ಸಿಗುವ ಸಂಭವ ಹೆಚ್ಚು, ಹೊರಗಿನವರು ರಾತ್ರಿ ಉಳಿದರೆ ಊರವರಿಗೆ ಅದು ವಿಚಿತ್ರವೆನಿಸುವುದಿಲ್ಲ. ರಾತ್ರಿ ಜ್ವರ ಬಂದರೆ, ಅಂಗಾಲಿನ ಗುಳ್ಳೆ ಒಡೆದು ಹೆಜ್ಜೆ ಊರಲಾಗದಿದ್ದರೆ ಬೆಳಗಾಗುವುದರೊಳಗೆ ಮನೆಯ ದಾರಿ ಹಿಡಿಯಬಹುದು. ನೀವು ಹೋಗಬೇಕೆಂದಿರುವ ರಸ್ತೆಯಲ್ಲಿ ಯಾವ ಯಾವ ಊರಿಗೆ ವಸ್ತಿ ಬಸ್ಸಿದೆ ಎಂಬುದನ್ನು ಬಸ್ ನಿಲ್ದಾಣದ ವಿಚಾರಣೆಯ ಕಿಟಕಿಯಲ್ಲಿ ಕೇಳಿ ಬರೆದುಕೊಳ್ಳಿ. ಅರ್ಧ ಹಾದಿ ಅಲ್ಲೇ ಆರಿಸಿದಂತಾಗುತ್ತದೆ.

ಮಠವಿರುವ ಊರಾದರೆ ಇನ್ನೂ ಒಳ್ಳೆಯದು. ಆದರೆ ಜಾತ್ರೆಯಿಲ್ಲದ ದಿನಗಳಲ್ಲಿ ದಾಸೋಹದ ಒಲೆ ಎಣಿಸಿದ ತಲೆಗಳಿಗೆ ಉರಿಯುತ್ತದೆ ಎಂಬುದು ನೆನಪಿರಲಿ. ಎಷ್ಟು ಜನ, ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮುಂಚಿತವಾಗಿ ತಿಳಿಸಿ, ಹೊತ್ತು ಮುಳುಗುವ ಮೊದಲೇ ಹೋಗಿ, ಉಂಡ ತಾಟು ತಾವೇ ತೊಳೆದಿಟ್ಟು, ಹೊರಡುವಾಗ ಕೈಲಾದಷ್ಟು ಕಾಣಿಕೆ ಇಟ್ಟು ಬರಬೇಕು.

ಮಣ್ಣು, ಹಳ್ಳ, ಕಾಡು

ಎರೆಮಣ್ಣು ಹಸಿಯಾದರೆ ಒಂದು ಹೆಜ್ಜೆಗೆ ಒಂದು ಪದರದಂತೆ ಮೆಟ್ಟಿಗೆ ಅಂಟುತ್ತ ಹೋಗಿ, ನೂರು ಹೆಜ್ಜೆಯಲ್ಲಿ ಕಾಲಿಗೆ ಕಲ್ಲು ಕಟ್ಟಿದಷ್ಟು ಭಾರವಾಗುತ್ತದೆ. ಕೋಲಿನಿಂದ ಕೆರೆದು ಮುಂದೆ ನಡೆದರೆ ಮತ್ತೆ ಅಷ್ಟೇ. ಆದ್ದರಿಂದ ಮಳೆಗಾಲದಲ್ಲಿ ಎರೆ ಸೀಮೆಯ ಒಳದಾರಿಗಳನ್ನು ಪೂರ್ತಿ ಬಿಟ್ಟು ಡಾಂಬರು ರಸ್ತೆಯನ್ನೇ ಹಿಡಿಯಬೇಕು. ಅದಕ್ಕಿಂತ ದೊಡ್ಡ ಮಾತು ಹಳ್ಳಗಳದ್ದು. ಬೆಣ್ಣಿಹಳ್ಳ ಮತ್ತು ತುಪ್ಪರಿಹಳ್ಳ ಹೆಸರಿಗೆ ಹಳ್ಳಗಳಾದರೂ ಮೇಲಿನ ಸೀಮೆಯಲ್ಲಿ ಸುರಿದ ಮಳೆಗೆ ಇಲ್ಲಿ ಬಿಸಿಲಿರುವಾಗಲೇ ಉಕ್ಕಿ ಬರುತ್ತವೆ. ಧಾರವಾಡ–ಸವದತ್ತಿ ರಸ್ತೆ ಹಾರೋಬೆಳವಡಿಯ ಹತ್ತಿರ ತುಪ್ಪರಿಹಳ್ಳವನ್ನು ದಾಟುತ್ತದೆ. ಹಳ್ಳ ಬಂದಾಗ ಮೊಣಕಾಲಷ್ಟೇ ನೀರು ಎಂದು ಇಳಿಯಬೇಡಿ. ಆಚೆ ದಡದಲ್ಲೊಂದು, ಈಚೆ ದಡದಲ್ಲೊಂದು ವಸ್ತಿ ಗೊತ್ತಿದ್ದರೆ ಅವಸರವೇ ಇರುವುದಿಲ್ಲ.

ಗದಗಿನಿಂದ ರೋಣದ ಕಡೆಯಿಂದ ಬಾದಾಮಿಯ ಬನಶಂಕರಿಗೆ ಹೋಗುವ ಸುಮಾರು 70 ಕಿಲೋಮೀಟರಿನ ಹಾದಿಗೂ ಇದೇ ಮಾತು ಅನ್ವಯಿಸುತ್ತದೆ. ಹೊಳೆಆಲೂರಿನ ಹತ್ತಿರ ಮಲಪ್ರಭೆ ಅಡ್ಡ ಬರುತ್ತದೆ, 2019ರ ಆಗಸ್ಟ್‌ನಲ್ಲಿ ಆ ದಂಡೆಯ ಊರುಗಳು ನೀರಿನಲ್ಲಿ ನಿಂತದ್ದನ್ನು ಇಲ್ಲಿನವರು ಮರೆತಿಲ್ಲ. ಆದರೆ ಮಳೆ ಕಳೆದ ಮೇಲೆ, ಮೊದಲ ಸಲ ಮೂರ್ನಾಲ್ಕು ದಿನ ನಡೆಯಬೇಕೆನ್ನುವವರಿಗೆ ನಾನು ಮೊದಲು ಹೇಳುವ ಹಾದಿ ಇದೇ. ಗದಗ–ಬಾದಾಮಿ ರೈಲು ಮಾರ್ಗ ಹೆಚ್ಚು ದೂರ ಸರಿಯದೆ ಜೊತೆಗೇ ಸಾಗುತ್ತದೆ, ಮಲ್ಲಾಪುರ, ಹೊಳೆಆಲೂರು ನಿಲ್ದಾಣಗಳಿವೆ, ಎಲ್ಲಿ ಬೇಕಾದರೂ ಯಾತ್ರೆಯನ್ನು ಅರ್ಧಕ್ಕೆ ನಿಲ್ಲಿಸಿ ಮತ್ತೊಮ್ಮೆ ಅಲ್ಲಿಂದಲೇ ಮುಂದುವರಿಸಬಹುದು. ಬಾದಾಮಿಯ ಹತ್ತಿರವೇ ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರವಿದೆ. ಹಾವೇರಿ ಸೀಮೆಯವರಿಗೆ ಹಾನಗಲ್ಲಿನ ಆ ನಂಟೂ ಒಂದು ಕಾರಣವಾದೀತು.

ಮಳೆಗಾಲದಲ್ಲೇ ನಡೆಯಬೇಕೆಂದರೆ ಹಾವೇರಿಯ ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲ ವಾಸಿ. ಕನಕದಾಸರ ಕಾಗಿನೆಲೆಯಿಂದ ಹೊರಟು, ಹಾವೇರಿ, ಬಂಕಾಪುರದ ಮೇಲೆ ಅವರು ಹುಟ್ಟಿದ ಬಾಡವನ್ನು ನೋಡಿಕೊಂಡು, ಶಿಗ್ಗಾವಿಯಿಂದ ಶರೀಫಜ್ಜನ ಶಿಶುನಾಳಕ್ಕೆ ಬರುವುದು ಯಾರೂ ಹಾಕಿಕೊಟ್ಟ ಹಾದಿಯಲ್ಲ, ನಾವೇ ಜೋಡಿಸಿಕೊಂಡದ್ದು. ಊರುಗಳು ಹತ್ತಿರ ಹತ್ತಿರ ಇವೆ. ಹೆದ್ದಾರಿಯ ಮೇಲೆ ಮಾತ್ರ ನಡೆಯಬೇಡಿ. ಸುತ್ತಾದರೂ ಹಳ್ಳಿಗಳ ನಡುವಿನ ರಸ್ತೆಯೇ ಕಾಲಿಗೂ ಜೀವಕ್ಕೂ ಒಳ್ಳೆಯದು.

ಉಳವಿಯ ಮಾತು ಬೇರೆ. ಧಾರವಾಡದಿಂದ ಹಳಿಯಾಳ, ದಾಂಡೇಲಿಯ ಮೇಲೆ ನೂರು ಕಿಲೋಮೀಟರಿಗೂ ಮಿಕ್ಕಿದ ಈ ಹಾದಿಯ ಕೊನೆಯ ಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಚನ್ನಬಸವಣ್ಣನ ಜಾತ್ರೆಗೆ ಚಕ್ಕಡಿಗಳ ಸಾಲು ಹೋಗುವಾಗಿನ ಧೈರ್ಯ ಶ್ರಾವಣದಲ್ಲಿ ಇಬ್ಬರು ಮೂವರಿಗೆ ಬರಲಾರದು, ಬರಲೂ ಬಾರದು. ಮಳೆ ಬಿಡುವುದಿಲ್ಲ, ಇಂಬಳಗಳು ಕಾಲಿಗೆ ಹತ್ತುತ್ತವೆ, ಊರುಗಳು ದೂರ ದೂರ. ದಾಂಡೇಲಿಯವರೆಗೆ ನಡೆದು, ಮುಂದೆ ಬಸ್ಸಿನಲ್ಲಿ ಹೋಗಿ ದರ್ಶನ ಮಾಡಿದರೆ ಹರಕೆಗೆ ಕುಂದಿಲ್ಲವೆಂದೇ ನನ್ನ ಭಾವನೆ. ಶ್ರೀಶೈಲದ ನಲ್ಲಮಲ ಕಾಡಿನ ಕಾಲುದಾರಿಯಂತೂ ಶಿವರಾತ್ರಿ ಮತ್ತು ಯುಗಾದಿಯ ದಿನಗಳಿಗಷ್ಟೇ ಯಾತ್ರಿಕರಿಗೆ ತೆರೆಯುತ್ತದೆ. ಉಳಿದ ಕಾಲದಲ್ಲಿ ಮಲ್ಲಯ್ಯನಲ್ಲಿಗೆ ನಡೆದು ಹೋಗುವ ಯೋಚನೆಯನ್ನು ಕೈಬಿಡುವುದೇ ಸರಿ.

ನೀರು, ಕೊನೆಯ ಪರೀಕ್ಷೆ

ನೀರಿಗೆ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ನಂಬಬಹುದು. ಹಲವೆಡೆ ನಾಣ್ಯ ಹಾಕಿದರೆ ಒಂದು ಇಡೀ ಕೊಡದಷ್ಟು ನೀರು ಒಮ್ಮೆಲೇ ಸುರಿಯುವುದರಿಂದ, ಕೊಡ ಹಿಡಿದು ಬಂದ ಯಾರಾದರೂ ಒಬ್ಬರ ಜೊತೆ ನಿಂತು, ನಾಣ್ಯ ನೀವು ಹಾಕಿ, ನಿಮ್ಮ ಬಾಟಲಿಗಳನ್ನು ಮೊದಲು ತುಂಬಿಸಿಕೊಂಡರೆ ನೀರು ಪೋಲಾಗುವುದಿಲ್ಲ. ಕರೆಂಟು ಹೋದರೆ ಘಟಕವೂ ನಿಲ್ಲುತ್ತದೆ. ಎರಡು ಲೀಟರು ಯಾವಾಗಲೂ ಚೀಲದಲ್ಲಿರಲಿ.

ಇಷ್ಟೆಲ್ಲ ಆದ ಮೇಲೆ, ಹೊರಡುವ ಹದಿನೈದು ದಿನ ಮೊದಲು ಅದೇ ಹಾದಿಯಲ್ಲಿ ಒಮ್ಮೆ ಬಸ್ಸಿನಲ್ಲಿ ಹೋಗಿಬನ್ನಿ. ಎಕ್ಸ್‌ಪ್ರೆಸ್ ಬೇಡ, ಎಲ್ಲ ಊರಿಗೂ ನಿಲ್ಲುವ ಬಸ್ಸೇ ಆಗಬೇಕು. ಕಿಟಕಿಯ ಪಕ್ಕ ಕೂತು ನೀರಿನ ಘಟಕ, ಚಹಾದಂಗಡಿ, ಗುಡಿಯ ಕಟ್ಟೆ, ಔಷಧಿ ಅಂಗಡಿ, ಮುರಿದ ಸೇತುವೆ ಎಲ್ಲವನ್ನೂ ಕಿಲೋಮೀಟರಿನ ಕಲ್ಲಿನ ಲೆಕ್ಕದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಿ. ಮುಖ್ಯವಾಗಿ, ರಸ್ತೆಯ ಎರಡೂ ಬದಿಗೆ ಒಂದೂ ಮರವಿಲ್ಲದ ತುಣುಕು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಬರೆದುಕೊಂಡರೆ, ಮನೆಗೆ ಬಂದು ವಸ್ತಿಯನ್ನು ಒಂದು ಊರು ಹಿಂದೆ ಅಥವಾ ಮುಂದೆ ಸರಿಸಿ, ಆ ತುಣುಕು ಬೆಳಗಿನ ಎಂಟು ಗಂಟೆಯೊಳಗೆ ದಾಟಿ ಹೋಗುವಂತೆ ಹೊಂದಿಸಿಕೊಳ್ಳಬಹುದು.