ಮನೆಯಿಂದ ಹೊರಡಲಾಗದಾಗ ಮೀಟರ್‌ಗೆ ಹಣ ತುಂಬುವ ಬಗೆ: ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ

ಬ್ರಿಟನ್ನಿನಲ್ಲಿ ಬಾಡಿಗೆ ಮನೆ ಹಿಡಿಯುವ ನಮ್ಮವರಲ್ಲಿ ಹಲವರಿಗೆ ಮನೆಯ ಜೊತೆಗೇ ಒಂದು ಪ್ರೀಪೇಮೆಂಟ್ ಮೀಟರ್ ಬರುತ್ತದೆ. ವಿದ್ಯುತ್ತಿಗೆ ಒಂದು ಕೀ, ಗ್ಯಾಸಿಗೆ ಒಂದು ಕಾರ್ಡ್; ಇವುಗಳನ್ನು ಅಂಗಡಿಗೆ ಒಯ್ದು ಹಣ ತುಂಬಿಸಿ, ಮನೆಗೆ ತಂದು ಮೀಟರ್‌ಗೆ ಹಾಕಿದರೆ ಮಾತ್ರ ದೀಪ ಉರಿಯುತ್ತದೆ, ಮನೆ ಬೆಚ್ಚಗಾಗುತ್ತದೆ. ಮೊಬೈಲ್ ರೀಚಾರ್ಜ್ ಮಾಡಿ ರೂಢಿಯಾದ ನಮಗೆ ಇದು ಸುಲಭವೆಂದೇ ತೋರುತ್ತದೆ. ಆದರೆ ಕಾಲು ಮುರಿದಾಗ, ಶಸ್ತ್ರಚಿಕಿತ್ಸೆಯ ನಂತರ ಮಲಗಿದಾಗ, ಮನೆಯಲ್ಲಿ ಬಾಣಂತಿಯೂ ಕೂಸೂ ಮಾತ್ರ ಇದ್ದಾಗ ಈ ವ್ಯವಸ್ಥೆ ಎಷ್ಟು ಬಿಗಿಯಾದದ್ದೆಂಬುದು ಗೊತ್ತಾಗುತ್ತದೆ.

ನನಗೆ ಅದು ಗೊತ್ತಾದದ್ದು ಇಲ್ಲಿಯ ಎರಡನೆಯ ಚಳಿಗಾಲದಲ್ಲಿ, ಮಂಜುಗಟ್ಟಿದ ಮೆಟ್ಟಿಲ ಮೇಲೆ ಜಾರಿ ಪಾದದ ಗಂಟು ಮುರಿದುಕೊಂಡು ಆರು ವಾರ ಮಹಡಿಯ ಮನೆಯಲ್ಲೇ ಉಳಿದಾಗ. ಬ್ಯಾಂಕಿನಲ್ಲಿ ಹಣವಿತ್ತು, ಆದರೆ ಅಂಗಡಿಯವರೆಗೆ ನಡೆಯಲು ಕಾಲಿರಲಿಲ್ಲ. ಹಣವಿಲ್ಲದಿರುವುದು ಬೇರೆ, ಹೊರಗೆ ಹೋಗಲಾಗದಿರುವುದು ಬೇರೆ. ಪೂರೈಕೆದಾರ ಕಂಪನಿಗೆ ಕರೆ ಮಾಡಿದಾಗ ಇವೆರಡರಲ್ಲಿ ನಿಮ್ಮ ಕಷ್ಟ ಯಾವುದೆಂದು ಮೊದಲ ವಾಕ್ಯದಲ್ಲೇ ಹೇಳಬೇಕು, ಏಕೆಂದರೆ ಒಂದಕ್ಕೆ ಸಿಗುವ ಪರಿಹಾರ ಇನ್ನೊಂದಕ್ಕೆ ಒದಗುವುದಿಲ್ಲ. ನಾನು ಸಂಕೋಚದಿಂದ ‘ಸ್ವಲ್ಪ ತೊಂದರೆಯಾಗಿದೆ’ ಎಂದಷ್ಟೇ ಹೇಳಿದ್ದರಿಂದ ಅವರು ಹತ್ತು ನಿಮಿಷ ಸಾಲದ ಕಂತಿನ ವಿಚಾರವನ್ನೇ ಮಾತನಾಡಿದರು.

ಮೀಟರ್ ಹಣವನ್ನು ಹೇಗೆ ನುಂಗುತ್ತದೆ ಎಂಬುದನ್ನು ಮೊದಲು ತಿಳಿದಿರಬೇಕು. ನೀವು ಏನನ್ನೂ ಬಳಸದಿದ್ದರೂ ದಿನಕ್ಕೆ ಇಷ್ಟೆಂದು ಸ್ಟ್ಯಾಂಡಿಂಗ್ ಚಾರ್ಜ್ ಏರುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಗ್ಯಾಸ್ ಮುಟ್ಟದವರಿಗೂ ಇದು ತಪ್ಪಿದ್ದಲ್ಲ. ಹಣ ಮುಗಿಯುತ್ತ ಬಂದಾಗ ಎಮರ್ಜೆನ್ಸಿ ಕ್ರೆಡಿಟ್ ಎಂಬ ಸಣ್ಣ ಸಾಲ ದೊರೆಯುತ್ತದೆ, ಸಾಮಾನ್ಯವಾಗಿ 5 ರಿಂದ 10 ಪೌಂಡ್. ಹಲವು ಮೀಟರ್‌ಗಳಲ್ಲಿ ಈ ಸಾಲದ ಮೇಲೆ ನಡೆಯುವಷ್ಟು ದಿನ ಸ್ಟ್ಯಾಂಡಿಂಗ್ ಚಾರ್ಜ್ ಬದಿಗೆ ಕೂಡಿಕೊಳ್ಳುತ್ತ ಹೋಗಿ, ಮುಂದಿನ ಟಾಪ್‌ಅಪ್‌ನಲ್ಲಿ ಒಟ್ಟಿಗೆ ವಸೂಲಾಗುತ್ತದೆ. ಉದಾಹರಣೆಗೆ, 10 ಪೌಂಡ್ ಸಾಲ ಬಳಸಿ, ಇನ್ನೊಂದು 3 ಪೌಂಡ್ ಬಾಕಿ ಸೇರಿದ್ದರೆ, ಸ್ನೇಹಿತರು ತುಂಬಿಸಿ ತಂದ 15 ಪೌಂಡ್‌ನಲ್ಲಿ ನಿಮಗೆ ಉಳಿಯುವುದು 2 ಪೌಂಡ್ ಮಾತ್ರ. ಅದೇ ಸ್ನೇಹಿತರನ್ನು ಮರುದಿನ ಮತ್ತೆ ಅಂಗಡಿಗೆ ಕಳಿಸುವ ಮುಜುಗರ ನನಗೆ ಬಂದಿತ್ತು. ಆದ್ದರಿಂದ ಬೇರೆಯವರ ಕೈಯಲ್ಲಿ ಹಣ ಕಳಿಸುವಾಗ ಬಾಕಿಯನ್ನು ಮೀಟರ್‌ನ ಪರದೆಯಲ್ಲಿ ನೋಡಿ, ಅದನ್ನೂ ಮುಂದಿನ ವಾರದ ಬಳಕೆಯನ್ನೂ ಕೂಡಿಸಿ ಕೊಡಿ.

ಕೀ ಅಥವಾ ಕಾರ್ಡನ್ನು ಯಾರು ಬೇಕಾದರೂ ಪೇಪಾಯಿಂಟ್ ಅಥವಾ ಪೇಜೋನ್ ಫಲಕವಿರುವ ಅಂಗಡಿಗೆ ಒಯ್ಯಬಹುದು. ನಿಮ್ಮ ಗುರುತಿನ ಚೀಟಿ ಬೇಕಿಲ್ಲ. ಯಾವ ಕಂಪನಿಯ ಕೀ ಎಲ್ಲಿ ನಡೆಯುತ್ತದೆ ಎಂಬುದರಲ್ಲಿ ವ್ಯತ್ಯಾಸವಿರುವುದರಿಂದ ಅಂಗಡಿಯನ್ನು ಮೊದಲೇ ಗೊತ್ತುಮಾಡಿಕೊಂಡಿರಿ. ಇದರಲ್ಲಿ ಒಂದು ತೊಡಕಿದೆ. ಹಳೆಯ ಮಾದರಿಯ ಮೀಟರ್‌ನಲ್ಲಿ ಎಮರ್ಜೆನ್ಸಿ ಕ್ರೆಡಿಟ್ ತೆಗೆಯಲು ಅದೇ ಕೀಯನ್ನೋ ಕಾರ್ಡನ್ನೋ ಮೀಟರ್‌ಗೆ ಹಾಕಬೇಕಾದ್ದರಿಂದ, ಕೀ ಸ್ನೇಹಿತರ ಜೇಬಿನಲ್ಲಿ ಎರಡು ದಿನ ಉಳಿದರೆ ನೀವು ಆ ಸಾಲವನ್ನೂ ಪಡೆಯಲಾರಿರಿ. ಹೋದ ದಿನವೇ ಹಿಂದಿರುಗಿಸುವವರಿಗಷ್ಟೇ ಕೊಡಿ, ರಶೀದಿಯನ್ನು ಕೇಳಿ ಇಟ್ಟುಕೊಳ್ಳಿ. ಬಾಗಿಲಿಗೇ ಬಂದು ಅರ್ಧ ಬೆಲೆಗೆ ಕ್ರೆಡಿಟ್ ತುಂಬಿಕೊಡುತ್ತೇವೆ ಎನ್ನುವವರು ಮೋಸಗಾರರು. ಅವರು ತುಂಬಿದ್ದು ಕಂಪನಿಯ ಲೆಕ್ಕಕ್ಕೆ ಸೇರದೆ, ಅದೇ ವಿದ್ಯುತ್ತಿಗೆ ನೀವು ಎರಡನೆಯ ಬಾರಿ ಹಣ ತೆರಬೇಕಾಗುತ್ತದೆ.

ರಾತ್ರಿ, ವಾರಾಂತ್ಯ ಮತ್ತು ಸಾರ್ವಜನಿಕ ರಜೆಗಳಲ್ಲಿ ಹಣ ಮುಗಿದರೂ ಸಂಪರ್ಕ ಕಡಿಯದಿರುವ ಅವಧಿಗೆ ಫ್ರೆಂಡ್ಲಿ ಅವರ್ಸ್ ಎನ್ನುತ್ತಾರೆ. ಅದರ ಗಂಟೆಗಳು ಕಂಪನಿಯಿಂದ ಕಂಪನಿಗೆ ಬೇರೆ. ಆ ಹೊತ್ತಿನಲ್ಲಿ ಬಳಸಿದ್ದು ಉಚಿತವಲ್ಲ, ಮುಂದೆ ವಸೂಲಾಗುತ್ತದೆ. ಅವಧಿ ಆರಂಭವಾಗುವ ಮೊದಲೇ ಸಂಪರ್ಕ ಹೋಗಿದ್ದರೆ ಸಂಜೆಗೆ ತಾನಾಗಿ ಮರಳಿ ಬರುತ್ತದೆಂದು ನಂಬಿ ಕೂರಬಾರದು.

ಸ್ಮಾರ್ಟ್ ಮೀಟರ್ ಇದ್ದರೆ ಹಾಸಿಗೆಯಲ್ಲಿದ್ದುಕೊಂಡೇ ಆ್ಯಪ್ ಅಥವಾ ಫೋನ್ ಮೂಲಕ ಹಣ ತುಂಬಬಹುದು, ಊರಿನಲ್ಲಿರುವ ಮಗಳು ಸಹ ನಿಮ್ಮ ಖಾತೆಗೆ ತುಂಬಬಹುದು. ಹಣ ಪಾವತಿಯಾಗಿಯೂ ಮೀಟರ್‌ಗೆ ತಲುಪದಿದ್ದರೆ ರಶೀದಿಯಲ್ಲಿರುವ 20 ಅಂಕಿಗಳ ಸಂಖ್ಯೆಯನ್ನು ಮೀಟರ್‌ನಲ್ಲಿ ಒತ್ತಿ ದಾಖಲಿಸಬೇಕು. ಗ್ಯಾಸ್ ಒಮ್ಮೆ ನಿಂತಿದ್ದರೆ, ಹಣ ಬಂದ ಮೇಲೂ ಸುರಕ್ಷತೆಗಾಗಿ ಗುಂಡಿ ಒತ್ತಿ ಮರಳಿ ಚಾಲೂ ಮಾಡಬೇಕಾಗುತ್ತದೆ. ಅದಕ್ಕೆ ಮೊದಲು ಒಲೆಯ ತಿರುಗಣೆಗಳೆಲ್ಲ ಮುಚ್ಚಿವೆಯೇ ಎಂದು ನೋಡಿ. ಮನೆಯಲ್ಲಿ ಇಂಗ್ಲಿಷ್ ಓದಲಾಗದ ಹಿರಿಯರು ಹಗಲೆಲ್ಲ ಒಬ್ಬರೇ ಇರುವುದಾದರೆ ಈ ಕ್ರಮವನ್ನು ದಪ್ಪ ಅಕ್ಷರಗಳಲ್ಲಿ ಕನ್ನಡದಲ್ಲಿ ಬರೆದು ಮೀಟರ್‌ನ ಪಕ್ಕದಲ್ಲಿ ಅಂಟಿಸಿ.

ಈಗ ಕಂಪನಿಯ ಹೊಣೆಯ ವಿಚಾರ. ಕೊರೋನಾ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ, ಸರ್ಕಾರವೂ ಪೂರೈಕೆದಾರರೂ ಮಾಡಿಕೊಂಡ ಒಪ್ಪಂದದಂತೆ, ಮನೆಯಿಂದ ಹೊರಡಲಾಗದವರಿಗೆ ಹಣ ತುಂಬಿದ ಕಾರ್ಡನ್ನು ಅಂಚೆಯಲ್ಲಿ ಕಳಿಸುವುದು, ಮೀಟರ್‌ಗೆ ನೇರವಾಗಿ ಕ್ರೆಡಿಟ್ ಸೇರಿಸುವುದು, ಹಣ ತುಂಬಲು ಬೇರೊಬ್ಬರನ್ನು ಗೊತ್ತುಪಡಿಸಲು ಬಿಡುವುದು ಇಂಥ ದಾರಿಗಳು ತೆರೆದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇಂಧನ ನಿಯಂತ್ರಕ ಸಂಸ್ಥೆಯಾದ ಆಫ್‌ಜೆಮ್ ಎಮರ್ಜೆನ್ಸಿ ಕ್ರೆಡಿಟ್ ಮತ್ತು ಫ್ರೆಂಡ್ಲಿ ಅವರ್ಸ್‌ಗಳನ್ನು ನಿಯಮವನ್ನಾಗಿಸಿತು. ಅಶಕ್ತ ಸ್ಥಿತಿಯಲ್ಲಿರುವವರಿಗೆ ಅಡಿಷನಲ್ ಸಪೋರ್ಟ್ ಕ್ರೆಡಿಟ್ ಎಂಬ ಹೆಚ್ಚುವರಿ ಸಾಲವೂ ಆ ನಿಯಮಗಳಲ್ಲಿದೆ. ಆದ್ದರಿಂದ ನೀವು ಕರೆ ಮಾಡಿದರೆ ಭಿಕ್ಷೆ ಬೇಡಿದಂತಾಗುವುದಿಲ್ಲ. ಕರೆಯಲ್ಲಿ ‘ಸೇಫ್ ಆ್ಯಂಡ್ ರೀಸನಬ್ಲಿ ಪ್ರಾಕ್ಟಿಕಬಲ್’ ಎಂಬ ಮಾತನ್ನು ಬಳಸಿರಿ. ಪ್ರೀಪೇಮೆಂಟ್ ಮೀಟರ್ ನಿಮಗೆ ಸುರಕ್ಷಿತವೂ ಬಳಸಲು ಸಾಧ್ಯವೂ ಆಗಿರಬೇಕೆಂದು ಕಂಪನಿಗಳ ಪರವಾನಗಿಯ ಷರತ್ತೇ ಹೇಳುತ್ತದೆ. ಕಾಯಿಲೆಯಿಂದಲೋ ಅಂಗವೈಕಲ್ಯದಿಂದಲೋ ಹಣ ತುಂಬಲಾಗದಿದ್ದರೆ, ಮೀಟರ್ ಕೈಗೆಟುಕದ ಎತ್ತರದಲ್ಲಿದ್ದರೆ, ವಿದ್ಯುತ್ತಿನಿಂದ ನಡೆಯುವ ವೈದ್ಯಕೀಯ ಉಪಕರಣ ಮನೆಯಲ್ಲಿದ್ದರೆ ಬೇರೆ ಬಗೆಯ ಮೀಟರ್ ಅಥವಾ ಬೇರೆ ಪಾವತಿ ವಿಧಾನವನ್ನು ಕೇಳಬಹುದು. ಸ್ಮಾರ್ಟ್ ಮೀಟರನ್ನಂತೂ ಮನೆಗೆ ಬಾರದೆಯೇ ಪ್ರೀಪೇಮೆಂಟ್‌ನಿಂದ ಬಿಲ್ ಪದ್ಧತಿಗೆ ಬದಲಾಯಿಸಬಹುದು.

ಇದಕ್ಕಿಂತ ಮೊದಲೇ ಮಾಡಬೇಕಾದ ಕೆಲಸವೊಂದಿದೆ: ಹೆಚ್ಚಿನ ನೆರವು ಬೇಕಾದ ಗ್ರಾಹಕರಿಗಾಗಿ ಕಂಪನಿಗಳು ಇಡುವ ಪ್ರಯಾರಿಟಿ ಸರ್ವಿಸಸ್ ರಿಜಿಸ್ಟರ್ ಎಂಬ ಪಟ್ಟಿಯಲ್ಲಿ ಹೆಸರು ಸೇರಿಸುವುದು. ಇದು ಉಚಿತ. ಪಿಂಚಣಿ ವಯಸ್ಸಿನವರು, ದೀರ್ಘಕಾಲದ ಕಾಯಿಲೆಯವರು, ಗರ್ಭಿಣಿಯರು, 5 ವರ್ಷದೊಳಗಿನ ಮಕ್ಕಳಿರುವ ಮನೆಯವರು ಮಾತ್ರವಲ್ಲದೆ, ಇಂಗ್ಲಿಷನ್ನು ಚೆನ್ನಾಗಿ ಮಾತನಾಡಲು ಅಥವಾ ಓದಲು ಬಾರದವರೂ ಇದಕ್ಕೆ ಅರ್ಹರೆಂಬುದು ನಮ್ಮವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಆಸ್ಪತ್ರೆಯಿಂದ ಬಂದು ಚೇತರಿಸಿಕೊಳ್ಳುವಷ್ಟು ಕಾಲಕ್ಕೂ ಸೇರಬಹುದು. ನಿಮ್ಮ ಪರವಾಗಿ ಮಾತನಾಡುವವರ ಹೆಸರನ್ನು ಕೊಡಬಹುದು. ಮೀಟರ್ ನೋಡಲು ಬಂದವರು ನಿಜವಾಗಿಯೂ ಕಂಪನಿಯವರೇ ಎಂದು ತಿಳಿಯಲು ಒಂದು ಗುಪ್ತಪದವನ್ನೂ ಗೊತ್ತುಮಾಡಿಕೊಳ್ಳಬಹುದು.

ಹೊಸ ಮನೆಗೆ ಬಂದ ಮೊದಲ ದಿನ ಹಿಂದಿನ ಬಾಡಿಗೆದಾರರ ಕೀಯನ್ನು ಬಳಸಬೇಡಿ, ಏಕೆಂದರೆ ಅವರ ಹಳೆಯ ಸಾಲ ನಿಮ್ಮ ಹಣದಲ್ಲಿ ತೀರತೊಡಗುತ್ತದೆ. ಪೂರೈಕೆದಾರರು ಯಾರೆಂದು ಕಂಡುಕೊಂಡು ನಿಮ್ಮ ಹೆಸರಿನಲ್ಲಿ ಹೊಸ ಕೀ, ಕಾರ್ಡ್ ತರಿಸಿಕೊಳ್ಳಿ. ಬಿಲ್ ಕಟ್ಟುವವರು ನೀವೇ ಆಗಿದ್ದರೆ ಮೀಟರ್‌ನ ಬಗೆ ಬದಲಿಸಲು ಕೇಳುವುದೂ ನಿಮ್ಮ ಹಕ್ಕು. ಕರಾರುಪತ್ರವನ್ನು ಓದಿ, ಮನೆಯ ಮಾಲೀಕರಿಗೆ ತಿಳಿಸಿದರೆ ಒಳ್ಳೆಯದು.

ವೀಸಾದಲ್ಲಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’, ಅಂದರೆ ಸರ್ಕಾರಿ ನೆರವು ಪಡೆಯುವಂತಿಲ್ಲ, ಎಂಬ ಷರತ್ತಿರುವವರು ಇಂಥ ಸಹಾಯ ಕೇಳಲು ಹೆದರುತ್ತಾರೆ. ಕಂಪನಿ ಕೊಡುವ ಸಾಲವಾಗಲಿ, ಮೀಟರ್‌ಗೆ ಹಣ ತುಂಬಲು ದತ್ತಿ ಸಂಸ್ಥೆಗಳು ಕೊಡುವ ಫ್ಯುಯೆಲ್ ವೋಚರ್ ಆಗಲಿ ಸರ್ಕಾರಿ ನೆರವಲ್ಲ. ಸ್ಥಳೀಯ ಆಡಳಿತವಾದ ಕೌನ್ಸಿಲ್‌ನಿಂದ ಬರುವ ಹಣದ ವಿಚಾರ ಬೇರೆಯಾದ್ದರಿಂದ ಅದನ್ನು ಸ್ವೀಕರಿಸುವ ಮುನ್ನ ಉಚಿತ ಸಲಹೆ ನೀಡುವ ದತ್ತಿ ಸಂಸ್ಥೆಯಾದ ಸಿಟಿಜನ್ಸ್ ಅಡ್ವೈಸ್‌ನವರನ್ನು ಕೇಳಿರಿ.

ಇಲ್ಲಿ ಹೇಳಿದ ನಿಯಮಗಳು ಇಂಗ್ಲೆಂಡ್, ಸ್ಕಾಟ್‌ಲೆಂಡ್ ಮತ್ತು ವೇಲ್ಸ್‌ಗೆ ಸೇರಿದವು. ಉತ್ತರ ಐರ್ಲೆಂಡಿಗೆ ಬೇರೆಯೇ ನಿಯಂತ್ರಕರಿದ್ದಾರೆ. ದೀಪ ಆರಿದಾಗ ಮೀಟರ್‌ನಲ್ಲಿ ಹಣವಿದೆಯೇ ಎಂದು ಮೊದಲು ನೋಡಿ. ಹಣವಿದ್ದೂ ವಿದ್ಯುತ್ ಇಲ್ಲದಿದ್ದರೆ ವಿದ್ಯುತ್ ಕಡಿತದ ಸಹಾಯವಾಣಿ 105ಕ್ಕೆ ಕರೆ ಮಾಡಿ. ಕಂಪನಿಯವರು ನಿಮ್ಮ ಮಾತಿಗೆ ಕಿವಿಗೊಡದಿದ್ದರೆ ದೂರನ್ನು ಬರಹದಲ್ಲಿ ಕೊಡಿ. 8 ವಾರಗಳಲ್ಲಿ ಅದು ಬಗೆಹರಿಯದಿದ್ದರೆ ಗ್ರಾಹಕರ ಮತ್ತು ಇಂಧನ ಕಂಪನಿಗಳ ವ್ಯಾಜ್ಯ ಬಗೆಹರಿಸುವ ಎನರ್ಜಿ ಒಂಬುಡ್ಸ್‌ಮನ್ ಬಳಿ ಉಚಿತವಾಗಿ ಹೋಗಬಹುದು. ಆದರೆ ಮನೆ ಕತ್ತಲಾಗಿ, ತಣ್ಣಗಾಗಿ ಕೂತಿರುವಾಗ 8 ವಾರ ಕಾಯಲಾಗುವುದಿಲ್ಲ. ಆ ದಿನವೇ ಸಿಟಿಜನ್ಸ್ ಅಡ್ವೈಸ್‌ನ ಗ್ರಾಹಕ ಸಹಾಯವಾಣಿ 0808 223 1133ಕ್ಕೆ ಕರೆ ಮಾಡಿ, ಹೊರಗೆ ಹೋಗಲಾಗದ ಸ್ಥಿತಿಯಲ್ಲಿದ್ದೀರೆಂದೂ ಸಂಪರ್ಕ ಕಡಿದಿದೆಯೆಂದೂ ಮೊದಲೇ ಹೇಳಿದರೆ, ಇಂಥವರಿಗಾಗಿಯೇ ಇರುವ ಎಕ್ಸ್‌ಟ್ರಾ ಹೆಲ್ಪ್ ಯುನಿಟ್‌ಗೆ ಅವರು ನಿಮ್ಮ ಪ್ರಕರಣವನ್ನು ಒಪ್ಪಿಸಬಲ್ಲರು.